ಹಾಸ್ಟೆಲ್ ಗಂಟು: ಚವತಿ ತನಕ ಸಾಕಾಗುವಷ್ಟು ಕಟ್ಟಿ

ಪಿಯುಸಿ ರಿಸಲ್ಟು ಬಂದು, ಕಾಲೇಜಿನ ಸೀಟು ಪಕ್ಕಾ ಆಗಿ, ಹಾಸ್ಟೆಲ್ ಯಾವುದು ಅಂತ ಗೊತ್ತಾಗುವ ಹೊತ್ತಿಗೆ ಕಣಕುಂಬಿಯಲ್ಲಿ ಮಳೆ ಹಿಡಿದಿರುತ್ತದೆ. ಖಾನಾಪುರ ತಾಲ್ಲೂಕಿನ ಈ ಮೂಲೆಯಲ್ಲಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಮಲಪ್ರಭೆ ಹುಟ್ಟುವ ಊರು, ಗೋವಾ ಗಡಿಗೆ ಅಂಟಿಕೊಂಡ ಸಹ್ಯಾದ್ರಿಯ ನೆತ್ತಿ, ಕೇಳಬೇಕೇ? ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಅಂಥ ಮನೆಯಿಂದ ಮಗಳೋ ಮಗನೋ ಬೆಳಗಾವಿಯ ಹಾಸ್ಟೆಲ್ಲಿಗೆ ಹೊರಡುವ ಕಾಲವೂ ಇದೇ.

ಬೆಳಗಾವಿ ಏನು ದೂರವಲ್ಲ, ಜಾಂಬೋಟಿ ದಾಟಿ ಹೋದರೆ ಐವತ್ತು ಕಿಲೋಮೀಟರಿನ ಒಳಗೇ. ಆದರೆ ಆ ಮಳೆಯಲ್ಲಿ, ಆ ರಸ್ತೆಯಲ್ಲಿ ದಿನಾ ಹೋಗಿ ಬಂದು ಓದುವುದು ಆಗದ ಮಾತು. ಹಾಗಾಗಿ ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ ಅನ್ನುವ ಮನೆಗಳು ಈ ಕಡೆ ಬಹಳ. ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೊದಲ ತಿಂಗಳಲ್ಲೇ “ನನಗಲ್ಲಿ ಆಗೂದಿಲ್ಲ” ಅಂತ ವಾಪಸ್ ಬಂದ ಹುಡುಗಿಯನ್ನು ಮತ್ತೆ ಕಳಿಸುವುದು ಸುಲಭವಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಗಂಡಿನ ಮಾತು ಎತ್ತಿರುತ್ತಾರೆ.

ಅದಕ್ಕೇ ಗಂಟು ಕಟ್ಟುವಾಗ ಮೂರು ವರ್ಷದ ಲೆಕ್ಕ ಹಾಕಬೇಡಿ. ಗಣಪತಿ ಹಬ್ಬದ ಲೆಕ್ಕ ಹಾಕಿ. ನಮ್ಮ ಕಡೆ ಚವತಿಗೆ ಊರಿಗೆ ಬಾರದ ಮಕ್ಕಳು ಯಾರಿದ್ದಾರೆ? ಆಗಸ್ಟ್ ಕೊನೆಗೋ ಸೆಪ್ಟೆಂಬರಿನಲ್ಲೋ ಹಬ್ಬ ಬರುತ್ತದೆ. ಅಲ್ಲಿಯವರೆಗಿನ ಆರೆಂಟು ವಾರ ಮಗು ಒಣಗಿದ ಬಟ್ಟೆಯಲ್ಲಿ, ಕಾಗದಪತ್ರದ ತಕರಾರಿಲ್ಲದೆ, ಹೊಟ್ಟೆ ತುಂಬ ಉಂಡು ಇದ್ದುಬಿಟ್ಟರೆ ಮುಂದಿನದು ತಾನಾಗಿ ದಾರಿ ಹಿಡಿಯುತ್ತದೆ.

ಮೊದಲು ಕಾಗದ, ಆಮೇಲೆ ಕೌದಿ

ಹೊರಡುವ ಹಿಂದಿನ ರಾತ್ರಿ ಎಲ್ಲರ ಗಮನ ಹಾಸಿಗೆ, ಬಟ್ಟೆ, ತಿಂಡಿಯ ಮೇಲೆ. ಆದರೆ ಹಾಸ್ಟೆಲ್ಲಿನಲ್ಲಿ ಮೊದಲ ದಿನ ಕೇಳುವುದು ಕಾಗದ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡಿನ ಝೆರಾಕ್ಸ್, ಬ್ಯಾಂಕ್ ಪಾಸ್‌ಬುಕ್, ಕಾಲೇಜಿನ ಪ್ರವೇಶ ರಸೀದಿ, ಒಂದು ಡಜನ್ ಫೋಟೋ. ಪ್ರತಿಯೊಂದಕ್ಕೂ ಮೂರು ನಕಲು ಇರಲಿ. ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಅದನ್ನು ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಗುವಿನ ಕೈಚೀಲದಲ್ಲೇ ಇಡಿ. ಬಸ್ಸಿನ ಡಿಕ್ಕಿಗೆ ಹೋಗುವ ಬ್ಯಾಗಿನಲ್ಲಿ ಮಾತ್ರ ಬೇಡ.

ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನು ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿಡಿ. ಸರ್ಕಾರಿ ಹಾಸ್ಟೆಲ್ಲಿನ ಆನ್‌ಲೈನ್ ಅರ್ಜಿ ತುಂಬುವಾಗಲೂ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲೂ ಅದು ಬೇಕೇ ಬೇಕು. ಪ್ರಮಾಣಪತ್ರದ ಅವಧಿ ಮುಗಿದಿದೆಯೋ ಅಂತ ಈಗಲೇ ನೋಡಿ. ಮುಗಿದಿದ್ದರೆ ಮಗು ಊರಲ್ಲಿರುವಾಗಲೇ ನಾಡಕಚೇರಿಗೆ ಹೋಗಿ ಬನ್ನಿ.

ಗಡಿ ಭಾಗದ ಮನೆಗಳಿಗೆ ಇನ್ನೊಂದು ತೊಡಕಿದೆ, ಹೆಸರಿನದು. ಮನೆಯಲ್ಲಿ ಮರಾಠಿ, ದಾಖಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷು. ಒಂದೇ ಹುಡುಗಿಯ ಹೆಸರು ಮೂರು ಕಡೆ ಮೂರು ಥರ ಕೂತಿರುತ್ತದೆ. ಒಂದರಲ್ಲಿ ಅಪ್ಪನ ಹೆಸರು ಮಧ್ಯದಲ್ಲಿ, ಇನ್ನೊಂದರಲ್ಲಿ ಅಡ್ಡಹೆಸರು ಮೊದಲು. ಕಣ್ಣಿಗೆ ಇದು ಸಣ್ಣದು, ಕಂಪ್ಯೂಟರಿಗೆ ದೊಡ್ಡದು. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇದ್ದು ಆಧಾರ್ ಜೋಡಣೆಯಾಗಿದೆಯೇ ಅಂತಲೂ ಕೇಳಿ. ವಿದ್ಯಾರ್ಥಿವೇತನ ಬರುವುದು ಅದೇ ಖಾತೆಗೆ.

ಸರ್ಕಾರಿ ಹಾಸ್ಟೆಲ್ ಸೀಟು ಸಿಗಲಿಲ್ಲ ಅಂದ ಕೂಡಲೇ ಗಂಟು ಬಿಚ್ಚಬೇಡಿ. ಹಿಂದುಳಿದ ವರ್ಗಗಳ ಮಕ್ಕಳು ಹೊರಗೆ ಕೋಣೆ ಮಾಡಿ ಓದಲಿ ಅಂತ 2013-14ರಲ್ಲಿ ‘ವಿದ್ಯಾಸಿರಿ’ ಯೋಜನೆ ಶುರುವಾಯಿತು. ಆಗ ಗೊತ್ತು ಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳ ನೆರವು. ನಿಮ್ಮ ಮಗುವಿಗೆ ಯಾವ ಇಲಾಖೆಯ ಯಾವ ನೆರವು ಅನ್ವಯಿಸುತ್ತದೆ ಅಂತ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ.

ಒಣಗುವ ಬಟ್ಟೆ, ಒಣಗದ ಬಟ್ಟೆ

ಮಳೆಗಾಲದಲ್ಲಿ ಹಾಸ್ಟೆಲ್ಲಿಗೆ ಹೋಗುವವರಿಗೆ ಬಟ್ಟೆ ಚಂದವಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಪ್ರಶ್ನೆ. ಮೊದಲು ಕೇಳಬೇಕಾದ್ದು, ಎಷ್ಟು ಹೊತ್ತಿನಲ್ಲಿ ಒಣಗುತ್ತದೆ? ನಾಲ್ಕು ಜನರ ಕೋಣೆ, ಒಂದು ಕಿಟಕಿ, ಒಂದೇ ಫ್ಯಾನು. ಅಲ್ಲಿ ಜೀನ್ಸ್ ಪ್ಯಾಂಟು ಒಣಗಲು ಮೂರು ದಿನ ತಗೊಂಡರೂ ಆಶ್ಚರ್ಯವಿಲ್ಲ. ತೆಳು ಹತ್ತಿ ಮತ್ತು ಮಿಕ್ಸ್ ಬಟ್ಟೆಯ ಐದು ಜೊತೆ ಹೊರಗಿನ ಉಡುಪು, ಎರಡು ಜೊತೆ ಮನೆಯ ಉಡುಪು ಸಾಕು. ಒಳಬಟ್ಟೆ ಮಾತ್ರ ಧಾರಾಳವಾಗಿರಲಿ, ಎಂಟು ಹತ್ತು ಜೊತೆ. ದಪ್ಪ ಟರ್ಕಿ ಟವೆಲ್ಲಿನ ಬದಲು ಎರಡು ತೆಳು ಪಂಚೆ ಟವೆಲ್ ಇಡಿ. ಮುಟ್ಟಿಗೆ ಬಟ್ಟೆ ಬಳಸುವ ಹುಡುಗಿಯರು ಈ ಎರಡು ತಿಂಗಳಾದರೂ ಪ್ಯಾಡ್ ಇಟ್ಟುಕೊಳ್ಳುವುದು ಒಳ್ಳೆಯದು. ಸರಿಯಾಗಿ ಒಣಗದ ಬಟ್ಟೆಯಿಂದ ತುರಿಕೆ, ಸೋಂಕು ತಪ್ಪಿದ್ದಲ್ಲ.

ಹತ್ತು ಮೊಳ ನೈಲಾನ್ ಹಗ್ಗ, ಒಂದು ಡಜನ್ ಕ್ಲಿಪ್ಪು ಮರೆಯದೆ ಹಾಕಿ. ಛತ್ರಿ ಮತ್ತು ರೇನ್‌ಕೋಟ್ ಎರಡೂ ಬೇಕು. ಚರ್ಮದ ಚಪ್ಪಲಿ, ಬೂಟು ಈಗ ಬೇಡ, ಬೂಷ್ಟು ಹಿಡಿಯುತ್ತದೆ. ನೀರಿಗೆ ಹೆದರದ ಒಂದು ಜೊತೆ ಸ್ಯಾಂಡಲ್, ಬಚ್ಚಲಿಗೆ ಒಂದು ಜೊತೆ ಸ್ಲಿಪ್ಪರ್ ಸಾಕು. ಟ್ರಂಕಿನ ತಳಕ್ಕೆ ಹಳೆಯ ಪೇಪರು ಹಾಸಿ, ಮೂಲೆಯಲ್ಲಿ ಒಣಗಿದ ಬೇವಿನ ಸೊಪ್ಪು, ತೆಳು ಬಟ್ಟೆಯಲ್ಲಿ ಕಟ್ಟಿದ ನಾಲ್ಕು ತುಂಡು ಇದ್ದಿಲು ಇಟ್ಟರೆ ತೇವ ಎಳೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಪೇಪರು ಬದಲಿಸಲು ಹೇಳಿ.

ಇನ್ನು ಕೌದಿಯ ಮಾತು. ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ, ಕೈಯಲ್ಲೇ ಹೊಲಿದ ಕೌದಿ ಅಂದರೆ ಅಜ್ಜಿಯ ಮಡಿಲು ಇದ್ದ ಹಾಗೆ. “ಇದನ್ನ ಹೊದ್ಕೊಂಡ್ರ ನಿದ್ದಿ ಚಲೋ ಬರ್ತೈತಿ, ತಗೊಂಡ್ಹೋಗವ್ವಾ” ಅಂತ ಅಜ್ಜಿ ಅಂದರೆ ಬೇಡ ಅನ್ನುವುದು ಹೇಗೆ? ಆದರೆ ದೊಡ್ಡ ಕೌದಿ ಒಮ್ಮೆ ತೊಯ್ದರೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ವಾಸನೆ ಹಿಡಿಯುತ್ತದೆ. ಆಮೇಲೆ ಅದನ್ನು ಎಲ್ಲರೆದುರು ಬಿಚ್ಚಲು ಮಗುವಿಗೇ ಸಂಕೋಚ. ಈಗ ಹೊದೆಯಲು ಒಂದು ಸೋಲಾಪುರ ಚಾದರ, ಹಾಸಲು ಒಂದು ಜಮಖಾನೆ ಕಳಿಸಿ. ಜೊತೆಗೆ ತೊಟ್ಟಿಲಿಗೆ ಹಾಸುವಷ್ಟು ಪುಟ್ಟ ಕೌದಿ ಇದ್ದರೆ ದಿಂಬಿನ ಮೇಲೆ ಹಾಕಿಕೊಳ್ಳಲಿ. ದೊಡ್ಡ ಕೌದಿ ದಸರಾ ಮುಗಿದು ಚಳಿ ಬಿದ್ದಾಗ ಹೋಗಲಿ. ಬೆಳಗಾವಿ ಚಳಿಗೆ ಆಗ ಅದೇ ಬೇಕು.

ಏನು ಒಯ್ಯಬೇಡಿ

ಹಿಂದಿನವರು ಒಯ್ಯುತ್ತಿದ್ದುದು ಎಷ್ಟು? ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟಿದ್ದು 1916ರಲ್ಲಿ, ಅದರ ಲಿಂಗರಾಜ ಕಾಲೇಜು ಶುರುವಾದದ್ದು 1933ರಲ್ಲಿ. ಅದಕ್ಕೂ ಮುಂಚೆ ಪದವಿ ಓದಬೇಕೆಂದರೆ ಧಾರವಾಡ, ಪುಣೆ, ಮುಂಬಯಿ. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಬಡ ಮಕ್ಕಳು ಬಹಳ. ಆ ಕಾಲದ ಹುಡುಗರ ಆಸ್ತಿ ಅಂದರೆ ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ತಾಟು, ಒಂದು ತಂಬಿಗೆ.

ಈಗ ಅಷ್ಟು ಕಡಿಮೆ ಸಾಲದು ನಿಜ. ಆದರೂ ಬಕೀಟು, ಮಗ್ಗು, ಪೊರಕೆ, ಹ್ಯಾಂಗರು ಹೊತ್ತು ಬಸ್ಸು ಹತ್ತುವುದು ಯಾಕೆ? ಬೆಳಗಾವಿಯಲ್ಲಿ ಇಳಿದು ಖಡೇ ಬಜಾರ್, ಗಣಪತಿ ಗಲ್ಲಿ ಕಡೆ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತದೆ. ಅದಕ್ಕೂ ಮೊದಲು ಕೋಣೆ ನೋಡಲಿ. ಮಂಚದ ಕೆಳಗೆ ಎಷ್ಟು ಜಾಗವಿದೆ, ಗಾದಿ ಅವರೇ ಕೊಡುತ್ತಾರೋ, ಕಪಾಟಿಗೆ ಬೀಗ ಇದೆಯೋ ಅಂತ ನೋಡಿಕೊಂಡು ಕೊಂಡರೆ ದುಡ್ಡೂ ಉಳಿಯುತ್ತದೆ. ಪೊರಕೆ, ಕಸದ ಬುಟ್ಟಿಯಂಥವನ್ನು ಕೋಣೆಯವರೆಲ್ಲ ಸೇರಿ ಒಂದೊಂದೇ ಕೊಳ್ಳಬಹುದು. ಗಟ್ಟಿ ಬೀಗ ಮಾತ್ರ ಮನೆಯಿಂದಲೇ ಇರಲಿ. ಒಂದು ಕೀಲಿ ಮಗುವಿನ ಹತ್ತಿರ, ಇನ್ನೊಂದು ನಿಮ್ಮ ಹತ್ತಿರ.

ನೀರು ಕಾಯಿಸುವ ಕಾಯಿಲ್, ಕರೆಂಟ್ ಒಲೆ ಬೇಡವೇ ಬೇಡ. ಬಹಳಷ್ಟು ಹಾಸ್ಟೆಲ್ಲುಗಳಲ್ಲಿ ಅವಕ್ಕೆ ಅನುಮತಿ ಇಲ್ಲ. ತೇವದ ಗೋಡೆ, ಒದ್ದೆ ಕೈ, ಹಳೆಯ ಪ್ಲಗ್ಗು ಸೇರಿದರೆ ಜೀವಕ್ಕೇ ಅಪಾಯ. ಬಂಗಾರದ ಸರ, ಓಲೆಯೂ ಊರಲ್ಲೇ ಇರಲಿ.

ತಿಂಡಿ ಡಬ್ಬಿ ನಾಲ್ಕು ಜನಕ್ಕೆ

ಕಣಕುಂಬಿ ಕಡೆಯ ಮಕ್ಕಳು ಅನ್ನ ಉಂಡು ಬೆಳೆದವರು. ಬೆಳಗಾವಿಯ ಮೆಸ್ಸಿನಲ್ಲಿ ಚಪಾತಿಯೋ ಜೋಳದ ರೊಟ್ಟಿಯೋ ಮುಂದೆ ಬರುತ್ತದೆ. ಹೊಟ್ಟೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಆ ದಿನಗಳಿಗೆ ಮನೆಯ ಉಪ್ಪಿನಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ದೊಡ್ಡ ಆಸರೆ. ಸಪ್ಪೆ ಸಾರಿಗೂ ರುಚಿ ಬರುತ್ತದೆ. ಅವಲಕ್ಕಿ ಚೂಡಾ, ಹುರಿದ ಶೇಂಗಾ, ಬೆಲ್ಲ ಇರಲಿ. ಹಸಿ ಕೊಬ್ಬರಿ ಹಾಕಿದ ತಿಂಡಿ ಈ ಹವೆಯಲ್ಲಿ ಎರಡು ದಿನವೂ ಬಾಳುವುದಿಲ್ಲ, ಬೇಡ.

ಡಬ್ಬಿ ಮಾತ್ರ ಮಗುವಿಗೊಬ್ಬಳಿಗೇ ಅಂತ ಅಳೆದು ಕಟ್ಟಬೇಡಿ. ಮೊದಲ ರಾತ್ರಿ ಹೊಸ ಕೋಣೆಯಲ್ಲಿ ನಾಲ್ಕು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರುತ್ತಾರೆ. ಒಬ್ಬಳು ಅಥಣಿಯವಳು, ಒಬ್ಬಳು ಸವದತ್ತಿಯವಳು ಇರಬಹುದು. ಮಾತು ಹೇಗೆ ಶುರು ಮಾಡುವುದು? ಡಬ್ಬಿ ಮುಚ್ಚಳ ತೆಗೆದು “ತಗೋರೆ, ನಮ್ಮ ಆಯಿ ಮಾಡಿದ್ದು” ಅಂದರೆ ಆಯಿತು. ಆ ಕಡೆಯಿಂದ ಸಜ್ಜಿ ರೊಟ್ಟಿ ಬರುತ್ತದೆ, ಈ ಕಡೆಯಿಂದ ಹಲಸಿನ ಹಪ್ಪಳ ಹೋಗುತ್ತದೆ. ಮನೆಯಲ್ಲಿ ಮರಾಠಿ ಆಡಿ ಬೆಳೆದ ಹುಡುಗಿಗೆ ಬಾಯಿ ತುಂಬ ಕನ್ನಡ ಬರುವುದೂ ಹೀಗೆ ಹಂಚಿ ತಿನ್ನುವಾಗಲೇ. ನಗಬಹುದು, ನಗಲಿ. ಎರಡು ತಿಂಗಳಲ್ಲಿ ಅವಳೂ ಅವರ ಮರಾಠಿ ಕೇಳಿ ನಗುತ್ತಾಳೆ.

ಬಸ್ಸು, ಫೋನು, ಕೈಖರ್ಚು

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ರಾಜ್ಯದ ಒಳಗಿನ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಆದರೆ ಕಣಕುಂಬಿ ಇರುವುದು ಪಣಜಿ ರಸ್ತೆಯಲ್ಲಿ. ಗೋವಾದಿಂದ ಬರುವ ಅಂತರರಾಜ್ಯ ಬಸ್ಸಿಗೆ ಈ ಯೋಜನೆ ಇಲ್ಲ, ಟಿಕೆಟ್ ತೆಗೆಯಬೇಕು. ಯಾವ ಬಸ್ಸು ಎಷ್ಟು ಹೊತ್ತಿಗೆ ಅಂತ ಮಗಳಿಗೆ ಬರೆದುಕೊಡಿ. ಗುರುತಿನ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಲಿ. ಒಬ್ಬರಿಗೆ 30 ಕಿಲೋವರೆಗೆ ಸಾಮಾನು ಉಚಿತವಾಗಿ ಒಯ್ಯಬಹುದು. ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ಇನ್ನೂ ಒಳ್ಳೆಯ ಪರೀಕ್ಷೆ ಅಂದರೆ, ಗಂಟನ್ನೆಲ್ಲ ಮಗುವೇ ಎತ್ತಿಕೊಂಡು ಅಂಗಳದ ತುದಿಯವರೆಗೆ ಹೋಗಿ ಬರಲಿ. ಆಗದಿದ್ದರೆ ಏನಾದರೂ ಒಂದನ್ನು ಇಳಿಸಿ.

ಕಾಡಂಚಿನ ಎಷ್ಟೋ ಊರುಗಳಲ್ಲಿ ಮಳೆ ಜೋರಾದರೆ ಕರೆಂಟೂ ಹೋಗುತ್ತದೆ, ಫೋನಿನ ಸಿಗ್ನಲ್ಲೂ ಹೋಗುತ್ತದೆ. ಮಗು ಅಲ್ಲಿಂದ ಹತ್ತು ಸಲ ಹಚ್ಚಿ, ಹತ್ತದೆ, ಅಳುತ್ತ ಕೂರುವುದು ಆಗಲೇ. ಹೊರಡುವ ಮೊದಲೇ ಮಾತಾಡಿಕೊಳ್ಳಿ, ವಾರದಲ್ಲಿ ಎರಡು ದಿನ, ಇಂಥ ಹೊತ್ತಿಗೆ, ಸಿಗ್ನಲ್ ಸಿಗುವ ಜಾಗಕ್ಕೆ ನಾವೇ ಬಂದು ಹಚ್ಚುತ್ತೇವೆ ಅಂತ. ನಡುವೆ ಹತ್ತದಿದ್ದರೆ ಗಾಬರಿಯಾಗಬಾರದು. ನಿಮ್ಮ ನಂಬರು, ಪಕ್ಕದ ಮನೆಯವರದು, ಬೆಳಗಾವಿಯಲ್ಲಿರುವ ಯಾರಾದರೂ ನೆಂಟರದು ಚೀಟಿಯಲ್ಲಿ ಬರೆದು ಕೊಡಿ. ಫೋನ್ ಬ್ಯಾಟರಿ ಸತ್ತಾಗ ಚೀಟಿಯೇ ಗತಿ.

ಕೈಖರ್ಚಿನ ದುಡ್ಡನ್ನು ಎರಡು ಭಾಗ ಮಾಡಿ. ದಿನದ ಖರ್ಚಿಗೊಂದು ಪರ್ಸು. ಇನ್ನೊಂದು, ಊರಿಗೆ ಬಂದು ಸೇರಲು ಬೇಕಾಗುವಷ್ಟು ದುಡ್ಡು, ಯಾವುದಾದರೂ ಪುಸ್ತಕದ ರಟ್ಟಿನೊಳಗೆ. ಬೇಕಾದಾಗ ಹೊರಡಬಹುದು ಅಂತ ಗೊತ್ತಿದ್ದ ಮಗು ಅಲ್ಲೇ ನೆಮ್ಮದಿಯಾಗಿ ಉಳಿಯುತ್ತದೆ.

ಇನ್ನು ಕಳಿಸಿಬರಲು ಹೋದವರಿಗೆ ಒಂದು ಮಾತು. ಹಾಸಿಗೆ ಹಾಸಿ, ಬಟ್ಟೆ ಜೋಡಿಸಿ ಕೊಡಬೇಡಿ. “ನೀನೇ ಇಟ್ಕೋ, ನಿನ್ನ ಕೋಣೆ” ಅನ್ನಿ. ವಾರ್ಡನ್ ಅವರಿಗೆ ಮುಖ ತೋರಿಸಿ, ಮೆಸ್ಸು, ಬಚ್ಚಲು ಒಮ್ಮೆ ನೋಡಿ, ಬೆಳಕಿರುವಾಗಲೇ ಊರಿನ ಬಸ್ಸು ಹತ್ತಿ. ಚವತಿಗೆ ಬರುವಾಗ ಉಪಯೋಗಕ್ಕೆ ಬಾರದ ಸಾಮಾನನ್ನೆಲ್ಲ ವಾಪಸ್ ತರಲು ಹೇಳಿ. ಹಬ್ಬ ಮುಗಿಸಿ ಹೋಗುವಾಗ ಮತ್ತೇನು ಬೇಕು ಅನ್ನುವ ಪಟ್ಟಿಯನ್ನು ಅವಳೇ ಬರೆಯುತ್ತಾಳೆ. ಆ ಪಟ್ಟಿ ನಾವು ನೀವು ಬರೆಯುವುದಕ್ಕಿಂತ ಚೆನ್ನಾಗಿರುತ್ತದೆ.