ನಾಯಿ ಕಚ್ಚಿದರೆ ರೇಬೀಸ್ ಒಂದೇ ಭಯವೇ?

ನಾಯಿ ಕಚ್ಚಿದೊಡನೆ ನಮ್ಮಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ರೇಬೀಸ್. ಆ ಭಯ ಸರಿಯಾದದ್ದೇ. ಲಸಿಕೆಯ ಒಂದು ಡೋಸನ್ನೂ ತಪ್ಪಿಸುವಂತಿಲ್ಲ. ಆದರೆ ‘ಇಂಜೆಕ್ಷನ್ ಆಯಿತಲ್ಲ, ಇನ್ನೇನೂ ಆಗುವುದಿಲ್ಲ’ ಎಂಬ ನಿರಾಳತೆ ಕೆಲವರ ಜೀವಕ್ಕೇ ಕುತ್ತು. ರೇಬೀಸ್ ವೈರಸ್ಸಿನಿಂದ ಬರುವ ರೋಗ. ನಾಯಿಯ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಆ ಲಸಿಕೆ ತಡೆಯುವುದಿಲ್ಲ.

ಅಂಥ ಬ್ಯಾಕ್ಟೀರಿಯಾಗಳಲ್ಲೊಂದು ಕ್ಯಾಪ್ನೋಸೈಟೋಫೇಗಾ ಕ್ಯಾನಿಮೋರ್ಸಸ್. ಮನುಷ್ಯರಲ್ಲಿ ಅದರ ಸೋಂಕು ಮೊದಲು ವರದಿಯಾದದ್ದು 1976ರಲ್ಲಿ. ‘ನಮ್ಮ ನಾಯಿ ಆರೋಗ್ಯವಾಗಿದೆ, ಎಲ್ಲ ಲಸಿಕೆ ಹಾಕಿಸಿದ್ದೇವೆ’ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು. ಆರೋಗ್ಯವಂತ ನಾಯಿ, ಬೆಕ್ಕುಗಳ ಬಾಯಲ್ಲೇ ಇದು ಸಹಜವಾಗಿ ಇರುತ್ತದೆ, ಅವುಗಳಿಗೆ ಏನೂ ತೊಂದರೆ ಮಾಡುವುದಿಲ್ಲ.

ಮನುಷ್ಯರಲ್ಲೂ ಬಹುತೇಕರಿಗೆ ಏನೂ ಆಗುವುದಿಲ್ಲ. ಅಪಾಯ ಹೆಚ್ಚಿರುವುದು ಗುಲ್ಮ, ಅಂದರೆ ವೈದ್ಯರು ಸ್ಪ್ಲೀನ್ ಎನ್ನುವ ಅಂಗ ಇಲ್ಲದವರಿಗೆ. ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಸೋಸಿ ಹಿಡಿಯುವುದು ಅದರ ಮುಖ್ಯ ಕೆಲಸ. ರಸ್ತೆ ಅಪಘಾತದಲ್ಲಿ ಗುಲ್ಮ ಒಡೆದಾಗ ಅಥವಾ ಥಲಸ್ಸೇಮಿಯಾದಂಥ ಕಾಯಿಲೆಗಳಲ್ಲಿ ಅದನ್ನು ತೆಗೆದುಹಾಕುವುದುಂಟು. ಹತ್ತಾರು ವರ್ಷ ಚೆನ್ನಾಗಿಯೇ ಇರುವವರು ಆ ಆಪರೇಷನ್ನನ್ನೇ ಮರೆತಿರುತ್ತಾರೆ. ಅಪಾಯ ಮಾತ್ರ ಜೀವಮಾನವಿಡೀ ಉಳಿಯುತ್ತದೆ. ಮದ್ಯಪಾನದಿಂದ ಲಿವರ್ ಹಾಳಾದವರು, ಕೀಮೋಥೆರಪಿ ಪಡೆಯುವವರು, ದೀರ್ಘಕಾಲ ಸ್ಟೀರಾಯ್ಡ್ ನುಂಗುವವರೂ ಇದೇ ಸಾಲಿನಲ್ಲಿದ್ದಾರೆ.

ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ಜ್ವರ, ವಾಂತಿ, ಮೈಕೈ ನೋವು ಶುರುವಾಗುತ್ತದೆ. ಕಚ್ಚಿದ ಗಾಯ ಅಷ್ಟರಲ್ಲಿ ಒಣಗಿರಲೂಬಹುದು. ಆದ್ದರಿಂದಲೇ ಯಾರೂ ಎರಡನ್ನೂ ತಳುಕು ಹಾಕುವುದಿಲ್ಲ. ರೋಗ ಉಲ್ಬಣಿಸಿದರೆ ಚರ್ಮದ ಮೇಲೆ ನೇರಳೆ ಮಚ್ಚೆಗಳು ಮೂಡಿ, ಬೆರಳ ತುದಿಗಳು ಕಪ್ಪಗಾಗುತ್ತವೆ. ತೀವ್ರ ಸೋಂಕು ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಬದುಕುಳಿಯುವುದಿಲ್ಲ. ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಬ್ಲಡ್ ಕಲ್ಚರ್ ವರದಿ ಬರಲು ದಿನಗಳೇ ಹಿಡಿಯುತ್ತವೆ. ಕೆಲವೊಮ್ಮೆ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಿಳಿ ರಕ್ತಕಣಗಳೊಳಗೆ ತೆಳ್ಳನೆಯ ಕಡ್ಡಿಗಳಂತೆ ಕಾಣಸಿಗುತ್ತದೆ.

ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆಯಂತೂ ಪೂರ್ತಿ ಬಿಡಬೇಕಾದದ್ದು. ಬರೀ ನೆಕ್ಕಿದ್ದರಿಂದಲೇ ಈ ಸೋಂಕು ತಗುಲಿದ ಉದಾಹರಣೆಗಳಿವೆ. 2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಬ್ಬರು ಕೈಕಾಲುಗಳನ್ನೇ ಕಳೆದುಕೊಂಡರು. ನಾಯಿಯ ಜೊಲ್ಲೇ ಕಾರಣವೆಂದು ವೈದ್ಯರು ಹೇಳಿದರು. ಅವರು ಅದುವರೆಗೆ ಆರೋಗ್ಯವಾಗಿಯೇ ಇದ್ದವರು. ಇಂಥದ್ದು ತೀರಾ ಅಪರೂಪ, ಆದರೂ ಆಗುವುದುಂಟು.

   

ಹಾಗೆಂದು ಸಾಕಿದ ನಾಯಿಯನ್ನು ಮನೆಯಿಂದ ಹೊರಗಟ್ಟಬೇಕಿಲ್ಲ. ತೆರೆದ ಗಾಯವನ್ನು ನೆಕ್ಕಲು ಬಿಡದಿದ್ದರೆ, ಮುಟ್ಟಿದ ಮೇಲೆ ಕೈ ತೊಳೆದುಕೊಂಡರೆ ಅಪಾಯ ಬಹಳಷ್ಟು ತಗ್ಗುತ್ತದೆ. ಕಚ್ಚಿದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ರೇಬೀಸ್ ಲಸಿಕೆಗೆ ಹೋದಾಗ ಗುಲ್ಮ ತೆಗೆಸಿದ್ದನ್ನೋ ನುಂಗುತ್ತಿರುವ ಮಾತ್ರೆಗಳನ್ನೋ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಇಂಥವರಿಗೆ ಜ್ವರ ಬರುವ ಮೊದಲೇ ಆಂಟಿಬಯಾಟಿಕ್ ಶುರುಮಾಡುವುದು ರೂಢಿ. ಅದು ಬೇಕೋ ಎಂದು ಆಗಲೇ ಕೇಳಿಬಿಡಿ.