ಮನೆ ನೋಡುವ ಮೊದಲು ಬಾಡಿಗೆದಾರರನ್ನು ನೋಡಿ

ಊರ ಕಡೆ ಒಂದು ಮನೆ ಕೊಂಡು ಬಾಡಿಗೆಗೆ ಬಿಡೋಣ ಅಂತ ಹೊರಟಾಗ ನನ್ನ ಮುಂದಿದ್ದದ್ದು ಮೂರು ಊರು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಬೆಂಗಳೂರಿನಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಉಳಿಸಿದ ದುಡ್ಡು ಇದು. ಅಪ್ಪ-ಅಮ್ಮನ ಔಷಧಿ ಖರ್ಚು ಮುಂದೆ ಈ ಬಾಡಿಗೆಯಿಂದಲೇ ಸಾಗಬೇಕು. ಹಾಗಾಗಿ ಮೊದಲು ಕೇಳಿಕೊಂಡ ಪ್ರಶ್ನೆ: ಇಲ್ಲಿ ಬಾಡಿಗೆಗೆ ಯಾರು ಬರ್ತಾರೆ?

ಮೂಡುಬಿದಿರೆಯಲ್ಲಿ ಆಳ್ವಾಸ್ ಇದೆ, ಮಿಜಾರಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಆದರೆ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಇರುವುದರಿಂದ ಅಲ್ಲಿ ನಂಬಬೇಕಾದದ್ದು ಉಪನ್ಯಾಸಕರ ಕುಟುಂಬಗಳನ್ನು. ಬೆಳ್ತಂಗಡಿ ತಾಲೂಕಿನಲ್ಲಿ ನೋಡುವುದಾದರೆ ಎಸ್‌ಡಿಎಂ ಕಾಲೇಜುಗಳಿರುವ ಉಜಿರೆ. ಬಂಟ್ವಾಳದ ಬಿ.ಸಿ. ರೋಡ್ ಹೆದ್ದಾರಿ 75ರಲ್ಲಿದೆ. ತಾಲೂಕು ಕಚೇರಿಗಳೂ ಅಲ್ಲೇ, ಮಂಗಳೂರಿಗೆ ದಿನಾ ಬಸ್ಸಲ್ಲಿ ಹೋಗಿ ಬರಬಹುದು. ಒಂದೇ ಸಂಸ್ಥೆಯನ್ನು ನೆಚ್ಚಿಕೊಳ್ಳಬೇಕಿಲ್ಲ.

ಆದರೆ ಅಲ್ಲಿ ನೇತ್ರಾವತಿಯೂ ಇದೆ. 1974ರ ನೆರೆಯನ್ನು ಬಂಟ್ವಾಳದ ಹಿರಿಯರು ಇನ್ನೂ ಮರೆತಿಲ್ಲ. ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ. ಮನೆ ನೋಡಲು ಬೇಸಿಗೆಯಲ್ಲಲ್ಲ, ಆಟಿ ತಿಂಗಳ ಮಳೆಯಲ್ಲಿ ಹೋಗಿ.

ಅಪ್ಪನಿಗೆ ಇನ್ನೊಂದು 1974ರ ಹೆದರಿಕೆ: "ಬಾಡಿಗೆಗೆ ಕೊಟ್ಟರೆ ಮನೆ ಅವರದ್ದೇ ಆಗ್ತದೆ." ಆ ವರ್ಷ ಜಾರಿಗೆ ಬಂದ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಆ ಕಾನೂನು ಕೃಷಿಭೂಮಿಯದ್ದು, ಬಾಡಿಗೆ ಮನೆಯದ್ದಲ್ಲ ಅಂತ ವಕೀಲರ ಎದುರೇ ಕೂರಿಸಿ ವಿವರಿಸಿದ ಮೇಲೆ ಅಪ್ಪ ಒಪ್ಪಿದರು. ಆದರೂ ಬರಹದ ಕರಾರು ಇಲ್ಲದೆ ಕೀಲಿ ಕೊಡಬೇಡಿ.

ಇನ್ನು ಲೆಕ್ಕ. 30 ಲಕ್ಷದ ಮನೆಗೆ ತಿಂಗಳಿಗೆ 9,000 ಬಾಡಿಗೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 1,08,000. ಒಂದು ತಿಂಗಳು ಖಾಲಿ, ತಿಂಗಳಿಗೆ 1,500 ನಿರ್ವಹಣೆ ಅಂತ ಕಳೆದರೆ ಉಳಿಯುವುದು 81,000, ಅಂದರೆ ಶೇ. 2.7. ಅದೇ ಮನೆಗೆ 20 ಲಕ್ಷ ಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ಕಂತು ಸುಮಾರು 17,350. ಬಾಡಿಗೆ ಅರ್ಧ ಕಂತನ್ನಷ್ಟೇ ತುಂಬುತ್ತದೆ!

ಅದಕ್ಕೇ ನಾನು ದೊಡ್ಡ ಫ್ಲ್ಯಾಟ್ ಬಿಟ್ಟು, ಬಿ.ಸಿ. ರೋಡ್ ಹತ್ತಿರ ಎತ್ತರದ ಜಾಗದಲ್ಲಿರುವ ಹಳೆಯ ಸಣ್ಣ ಮನೆಯನ್ನು ಆರಿಸಿಕೊಂಡೆ. ಭೂಪರಿವರ್ತನೆ, ಖಾತೆ, ಋಣಭಾರ ಪತ್ರ ಮೂರೂ ಸರಿ ಇದ್ದವು. ನೀವು ಮುಂಗಡ ಕೊಡುವ ಮೊದಲು ಇಷ್ಟು ಕೇಳಿಕೊಳ್ಳಿ: ಆರು ತಿಂಗಳು ಮನೆ ಖಾಲಿ ಬಿದ್ದರೂ ಕಂತು ಕಟ್ಟಲು ನನ್ನಿಂದಾಗ್ತದಾ? ಹೌದು ಅಂತಾದರೆ ಮಾತ್ರ ಮುಂದುವರಿಯಿರಿ.