ಪ್ರತಿಕಾಯ ಇದ್ದೂ ಫ್ಲೂ ಬರುವುದೇಕೆ?

ಲಸಿಕೆ ಹಾಕಿದ ತಿಂಗಳೊಪ್ಪತ್ತಿಗೆ ರಕ್ತ ತೆಗೆದು ಪ್ರತಿಕಾಯಗಳನ್ನು ಅಳೆಯುತ್ತಾರೆ. ಮಟ್ಟ ಸಾಕಷ್ಟಿದ್ದರೆ ಲಸಿಕೆ ಫಲಿಸಿತು ಎನ್ನುತ್ತಾರೆ. ಬೊಜ್ಜು ಬಂದ ಮಕ್ಕಳ ವಿಷಯದಲ್ಲಿ ಈ ಒಂದೇ ಅಳತೆಯನ್ನು ನೆಚ್ಚಿಕೊಳ್ಳಬಾರದು ಎಂಬುದು ನನ್ನ ವಾದ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೆಲಿಂಡಾ ಬೆಕ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಥೂಲಕಾಯದ ವಯಸ್ಕರಲ್ಲಿ ಫ್ಲೂ ಲಸಿಕೆಯ ನಂತರ ಮೊದಲ ತಿಂಗಳು ಪ್ರತಿಕಾಯಗಳು ಚೆನ್ನಾಗಿಯೇ ಏರಿದ್ದವು. ಆದರೆ ವರ್ಷ ತುಂಬುವಷ್ಟರಲ್ಲಿ ಅವು ಉಳಿದವರಿಗಿಂತ ಹೆಚ್ಚು ಇಳಿದಿದ್ದವು. ಸೋಂಕಿತ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕೋಶಗಳೂ ವೈರಸ್ ಎದುರು ಸರಿಯಾಗಿ ಚುರುಕಾಗಲಿಲ್ಲ. 2017ರಲ್ಲಿ ಅದೇ ತಂಡ, ಲಸಿಕೆ ಪಡೆದ ಸಾವಿರಕ್ಕೂ ಹೆಚ್ಚು ವಯಸ್ಕರ ಲೆಕ್ಕ ಕೊಟ್ಟಿತು: ಫ್ಲೂ ಅಥವಾ ಅದರಂಥ ಜ್ವರ ಬಂದದ್ದು ಆರೋಗ್ಯಕರ ತೂಕದವರಲ್ಲಿ ಶೇ 5.1, ಸ್ಥೂಲಕಾಯರಲ್ಲಿ ಶೇ 9.8. ಕಾಯಿಲೆ ಬಿದ್ದ ಸ್ಥೂಲಕಾಯರ ರಕ್ತದಲ್ಲಿ ಪ್ರತಿಕಾಯಗಳಿಗೇನೂ ಕೊರತೆ ಇರಲಿಲ್ಲ.

ಇವೆಲ್ಲ ದೊಡ್ಡವರ ಮಾತಾಯಿತು, ಮಕ್ಕಳಿಗೆ ಅನ್ವಯಿಸುತ್ತದೆಯೇ ಎಂದು ಕೇಳುವುದು ನ್ಯಾಯವೇ. 2016ರಲ್ಲಿ ಇಟಲಿಯ ಸಂಶೋಧಕರು ಕೆಲವೇ ಹತ್ತಾರು ಮಕ್ಕಳನ್ನು ಪರೀಕ್ಷಿಸಿದಾಗ, ತೂಕ ಹೆಚ್ಚಿದ್ದವರ ಪ್ರತಿಕಾಯಗಳು ನಾಲ್ಕು ತಿಂಗಳಾದರೂ ಇತರ ಮಕ್ಕಳಿಗಿಂತ ಕಡಿಮೆ ಇರಲಿಲ್ಲ. ಸಂತೋಷದ ಸುದ್ದಿಯೇ. ಆದರೆ ವಯಸ್ಕರಲ್ಲಿ ನಮ್ಮನ್ನು ದಾರಿ ತಪ್ಪಿಸಿದ್ದೂ ಇದೇ ಅಳತೆಯಲ್ಲವೇ? ಕೊಬ್ಬಿನ ಅಂಗಾಂಶ ಸುಮ್ಮನೆ ಬಿದ್ದಿರುವ ದಾಸ್ತಾನಲ್ಲ. ಅದು ಲೆಪ್ಟಿನ್ ಹಾರ್ಮೋನನ್ನೂ ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ಸದಾ ಸ್ರವಿಸುತ್ತಿರುತ್ತದೆ. ಲೆಪ್ಟಿನ್ ಗ್ರಹಿಸುವ ಟಿ ಕೋಶಗಳು ಈ ವಾತಾವರಣದಲ್ಲೇ ಪಳಗುತ್ತವೆ. ಇನ್ನು ಕೆಲವರು ದೋಷವನ್ನು ಸೂಜಿಯ ಮೇಲೆ ಹೊರಿಸುತ್ತಾರೆ. ಅದರಲ್ಲಿ ಹುರುಳಿದೆ: ತೋಳಿನ ಕೊಬ್ಬಿನ ಪದರ ದಪ್ಪವಾಗಿದ್ದರೆ ಒಂದು ಇಂಚಿನ ಸೂಜಿ ಸ್ನಾಯುವನ್ನು ಮುಟ್ಟದೇ ಹೋಗಬಹುದು. ಸ್ಥೂಲಕಾಯದ ಹದಿಹರೆಯದವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಒಂದೂವರೆ ಇಂಚಿನ ಸೂಜಿಯಲ್ಲಿ ಕೊಟ್ಟಾಗ ಪ್ರತಿಕಾಯಗಳು ಹೆಚ್ಚಿದ್ದು 2010ರ ಅಧ್ಯಯನವೊಂದರಲ್ಲಿ ಕಂಡಿದೆ. ಆದರೆ ಪ್ರತಿಕಾಯಗಳು ಸಾಕಷ್ಟಿದ್ದೂ ಜ್ವರ ಬಂದದ್ದಕ್ಕೆ ಸೂಜಿಯ ಉದ್ದ ಉತ್ತರವಾಗದು.

ಹಾಗಾದರೆ ಲಸಿಕೆ ಏಕೆ ಬೇಕು? 2017ರ ಅಧ್ಯಯನ ಹೋಲಿಸಿದ್ದು ಲಸಿಕೆ ಪಡೆದವರನ್ನು ಪಡೆದವರೊಂದಿಗೇ. ಲಸಿಕೆ ನಿಷ್ಪ್ರಯೋಜಕ ಎಂದು ಅದರಿಂದ ತೀರ್ಮಾನಿಸುವಂತಿಲ್ಲ. 2009ರ ಎಚ್1ಎನ್1 ಪಿಡುಗಿನಲ್ಲಿ ಬೊಜ್ಜು ಇದ್ದವರಿಗೆ ಕಾಯಿಲೆ ಉಲ್ಬಣಿಸುವ ಅಪಾಯ ಹೆಚ್ಚೆಂದು ಗೊತ್ತಾಗಿತ್ತು, ಆದ್ದರಿಂದ ರಕ್ಷಣೆ ತುಸು ಕಡಿಮೆಯಾದರೂ ಅದು ಇವರಿಗೇ ಹೆಚ್ಚು ಬೇಕು. ನಮ್ಮಲ್ಲಿ ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಪಟ್ಟಿಯಲ್ಲಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಪ್ರತಿ ವರ್ಷ ಕೊಡಿಸಿ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ, ಖರ್ಚು ತಂದೆತಾಯಿಯದು. ಮಗುವಿನ ತೂಕ ಇಳಿಯಲಿ, ಆಮೇಲೆ ಹಾಕಿಸೋಣ ಎಂದು ಕಾಯುವುದು ತಪ್ಪು; ಫ್ಲೂ ಅಲ್ಲಿಯವರೆಗೆ ಕಾಯುವುದಿಲ್ಲ. ಸಂಶೋಧಕರು ಮಾಡಬೇಕಾದ ಕೆಲಸ ಬೇರೆಯೇ ಇದೆ: ಮಕ್ಕಳನ್ನು ಒಂದು ತಿಂಗಳಿಗೇ ಬಿಡದೆ ಮುಂದಿನ ಫ್ಲೂ ಋತುವಿನವರೆಗೂ ಗಮನಿಸಿ, ಪ್ರತಿಕಾಯಗಳ ಜೊತೆಗೆ ಅವರ ಟಿ ಕೋಶಗಳನ್ನೂ, ಯಾರಿಗೆ ಜ್ವರ ಬಂತೆಂಬುದನ್ನೂ ದಾಖಲಿಸಬೇಕು.